ಗಿಟಾರ್ ಆಂಪ್ ಮಾಡೆಲರ್‌ಗೆ ಫರ್ಮ್‌ವೇರ್ ಅಪ್‌ಡೇಟ್: ಕಷ್ಟಪಟ್ಟು ಕೂರಿಸಿದ ಟೋನ್ ಕಳೆದುಕೊಳ್ಳದೆ ಹಾಕುವುದು ಹೇಗೆ?

‘ಅಪ್‌ಡೇಟ್ ಬಂದಿದೆ ಅಂತ ತೋರಿಸ್ತಿದೆ. ಹಾಕ್ಲಾ, ಬೇಡ್ವಾ?’ ಮಾಡೆಲರ್, ಅಂದರೆ ಬೇರೆ ಬೇರೆ ಗಿಟಾರ್ ಆಂಪ್‌ಗಳ ಸೌಂಡನ್ನು ನಕಲು ಮಾಡುವ ಡಬ್ಬ, ಇಟ್ಟುಕೊಂಡಿರುವ ಗೆಳೆಯರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಎರಡನೆಯದು ಸ್ವಲ್ಪ ಅಳುಮುಖದಲ್ಲಿ ಬರುತ್ತದೆ: ‘ಹಾಕ್ಬಿಟ್ಟೆ, ಈಗ ನನ್ನ ಸೌಂಡೇ ಬೇರೆ ಆಗಿದೆ. ಏನ್ ಮಾಡ್ಲಿ?’

ಮೊದಲ ಪ್ರಶ್ನೆಗೆ ನನ್ನ ಉತ್ತರ: ಹಾಕಿ, ಆದರೆ ಹಾಕುವ ಮೊದಲು ಅರ್ಧ ಗಂಟೆ ಕೆಲಸವಿದೆ. ಆ ಕೆಲಸ ಮಾಡಿದವರಿಗೆ ಎರಡನೆಯ ಪ್ರಶ್ನೆ ಕೇಳುವ ಪ್ರಸಂಗ ಬರುವುದು ಕಡಿಮೆ.

ನನಗೆ ಚೆನ್ನಾಗಿ ಗೊತ್ತಿರುವುದು ಲೈನ್ 6 ಕಂಪನಿಯ ಹೀಲಿಕ್ಸ್ ಮತ್ತು ಎಚ್‌ಎಕ್ಸ್ ಸ್ಟಾಂಪ್. ಹಾಗಾಗಿ ಉದಾಹರಣೆಗಳು ಹೆಚ್ಚಾಗಿ ಅವುಗಳದ್ದೇ. ನಿಮ್ಮ ಹತ್ತಿರ ಬಾಸ್, ಕೆಂಪರ್, ಫ್ರ್ಯಾಕ್ಟಲ್, ಕ್ವಾಡ್ ಕಾರ್ಟೆಕ್ಸ್, ವಾಲೆಟನ್, ನಕ್ಸ್, ಹಾಟೋನ್ ಯಾವುದೇ ಇರಲಿ, ಬಟನ್‌ಗಳ ಹೆಸರು ಬೇರೆಯಾದೀತು, ಕೆಲಸದ ಕ್ರಮ ಇದೇ.

ಅಪ್‌ಡೇಟ್‌ನಲ್ಲಿ ನಿಜವಾಗಿ ಏನು ಬದಲಾಗುತ್ತದೆ?

ಮಾಡೆಲರ್ ಒಳಗೆ ಡಿಎಸ್‌ಪಿ ಇರುತ್ತದೆ. ಸೌಂಡಿನ ಲೆಕ್ಕ ಮಾಡುವುದಕ್ಕೆಂದೇ ಇರುವ ಚಿಪ್ ಅದು. ಆ ಚಿಪ್ ಯಾವ ಲೆಕ್ಕವನ್ನು ಹೇಗೆ ಮಾಡಬೇಕು ಅಂತ ಹೇಳುವ, ಡಬ್ಬದ ಒಳಗೇ ಕೂತಿರುವ ಸಾಫ್ಟ್‌ವೇರೇ ಫರ್ಮ್‌ವೇರ್. ಅದು ಬದಲಾದರೆ ಚಿಪ್ ಹಳೆಯದೇ ಇದ್ದರೂ ಸೌಂಡ್ ಹೊಸದಾಗಬಹುದು.

1998ರಲ್ಲಿ ಲೈನ್ 6 ಪಾಡ್ ಅನ್ನುವ ಮಾಡೆಲರ್ ಬಂದಾಗ ಪರಿಸ್ಥಿತಿ ಹೀಗಿರಲಿಲ್ಲ. ಆ ಪಾಡ್‌ ಅನ್ನು 2.0ಗೆ ಏರಿಸಬೇಕೆಂದರೆ ಡಬ್ಬ ಬಿಚ್ಚಿ ಒಳಗಿನ ಮೆಮೊರಿ ಚಿಪ್ಪನ್ನೇ ಬದಲಿಸಬೇಕಿತ್ತು. ಈಗ ಯುಎಸ್‌ಬಿ ಕೇಬಲ್ ಸಾಕು, ದುಡ್ಡೂ ಕೊಡಬೇಕಾಗಿಲ್ಲ. 2018ರಲ್ಲಿ ಬಂದ ಎಚ್‌ಎಕ್ಸ್ ಸ್ಟಾಂಪ್‌ನಲ್ಲಿ ಒಂದು ಪ್ರಿಸೆಟ್‌ಗೆ ಆರೇ ಬ್ಲಾಕ್ ಹಾಕಬಹುದಿತ್ತು. ಪ್ರಿಸೆಟ್ ಅಂದರೆ ಕೂರಿಸಿ ಉಳಿಸಿಟ್ಟ ಒಂದು ಸೌಂಡ್. ಬ್ಲಾಕ್ ಅಂದರೆ ಅದರೊಳಗಿನ ಆಂಪ್, ಡಿಲೇ, ರಿವರ್ಬ್ ಹೀಗೆ ಒಂದೊಂದು ಖಾನೆ. 2020ರ 3.0 ಅಪ್‌ಡೇಟ್ ಅದನ್ನು ಎಂಟಕ್ಕೆ ಏರಿಸಿತು. ಎರಡು ವರ್ಷದ ಹಳೆಯ ಪೆಡಲ್‌ಗೆ ಒಂದೇ ರಾತ್ರಿಯಲ್ಲಿ ಎರಡು ಖಾನೆ ಜಾಸ್ತಿ! 2022ರ 3.50ರಲ್ಲಿ ಕ್ಯಾಬಿನೆಟ್, ಅಂದರೆ ಸ್ಪೀಕರ್ ಪೆಟ್ಟಿಗೆಯನ್ನು ನಕಲು ಮಾಡುವ ಭಾಗವನ್ನೇ ಹೊಸದಾಗಿ ಮಾಡಿದರು. ಫ್ರ್ಯಾಕ್ಟಲ್ ಕಂಪನಿ 2018ರ ತನ್ನ ಆಕ್ಸ್-ಎಫ್‌ಎಕ್ಸ್ 3ಕ್ಕೆ 2021ರಲ್ಲಿ ಸಿಗ್ನಸ್ ಅನ್ನುವ ಹೆಸರಿನಲ್ಲಿ ಆಂಪ್ ಮಾಡೆಲಿಂಗನ್ನೇ ಹೊಸದಾಗಿ ಕೊಟ್ಟಿತು.

ತೊಡಕು ಹುಟ್ಟುವುದೂ ಇಲ್ಲಿಯೇ. ಅಸಲಿ ವಾಲ್ವ್ (ಗಾಜಿನ ಟ್ಯೂಬಿನ) ಆಂಪ್‌ನಲ್ಲಿ ಜೋರಾಗಿ ಬಾರಿಸಿದಾಗ ಪವರ್ ಸಪ್ಲೈ ಸ್ವಲ್ಪ ಕುಸಿದು ಏಳುತ್ತದೆ. ಅದಕ್ಕೆ ಸ್ಯಾಗ್ ಅಂತಾರೆ. ಬಾಸ್, ಮಿಡ್, ಟ್ರೆಬಲ್ ನಾಬ್‌ಗಳು ಒಂದನ್ನೊಂದು ಎಳೆದಾಡುತ್ತವೆ. ಸ್ಪೀಕರ್ ಕೂಡ ಆಂಪ್ ಮೇಲೆ ತಿರುಗಿ ಪರಿಣಾಮ ಬೀರುತ್ತದೆ. ಇಂಥ ಲೆಕ್ಕಗಳನ್ನು ಕಂಪನಿ ತಿದ್ದಿದಾಗ ಆಂಪ್ ಅಸಲಿಗೆ ಹತ್ತಿರ ಬರುತ್ತದೆ, ಸರಿ. ಆದರೆ ನೀವು ಬಾಸ್ 4.2, ಪ್ರೆಸೆನ್ಸ್ 6 ಅಂತ ಕೂರಿಸಿದ್ದು ಹಳೆಯ ಲೆಕ್ಕಕ್ಕೆ. ಹೊಸ ಲೆಕ್ಕದಲ್ಲಿ ಅದೇ 4.2 ಬೇರೆ ಕಡೆ ಹೋಗಿ ನಿಲ್ಲುತ್ತದೆ.

ಎಲ್ಲ ಭಾಗಕ್ಕೂ ಹೀಗಾಗುವುದಿಲ್ಲ. ನೀವು ಹೊರಗಿನಿಂದ ಹಾಕಿಕೊಂಡ ಐಆರ್, ಅಂದರೆ ಕ್ಯಾಬಿನೆಟ್ ಮತ್ತು ಮೈಕ್‌ನ ಗುಣವನ್ನು ಹಿಡಿದಿಟ್ಟ ಚಿಕ್ಕ ಆಡಿಯೊ ಫೈಲ್, ಅಪ್‌ಡೇಟ್ ಆದ ಮೇಲೂ ಅದೇ ಫೈಲ್. ಕೆಲವು ಸಲ ಕಂಪನಿಯೇ ಹಳೆಯದನ್ನು ಉಳಿಸಿಕೊಡುತ್ತದೆ. 3.50ರಲ್ಲಿ ಹಳೆಯ ಕ್ಯಾಬ್‌ಗಳು ಲೆಗಸಿ ಅನ್ನುವ ಗುಂಪಿನಲ್ಲಿ ಹಾಗೇ ಉಳಿದವು, ಹಳೆಯ ಪ್ರಿಸೆಟ್‌ಗಳು ಅವನ್ನೇ ಬಳಸುತ್ತಾ ಹೋದವು. ಒಳ್ಳೆಯ ಪದ್ಧತಿ. ಎಲ್ಲರೂ ಹೀಗೆ ಮಾಡುತ್ತಾರೆ ಅಂತ ಮಾತ್ರ ನಂಬಿ ಕೂರಬೇಡಿ.

ಇನ್ನು ಕೆಲಸ ಶುರು ಮಾಡೋಣ.

1. ಸಮಯ ಆರಿಸಿಕೊಳ್ಳಿ

ಕಾರ್ಯಕ್ರಮ ಅಥವಾ ರೆಕಾರ್ಡಿಂಗ್ ಇನ್ನು ಒಂದು ವಾರದೊಳಗೆ ಇದ್ದರೆ ಅಪ್‌ಡೇಟ್ ಬೇಡ. ಗಣೇಶನ ಹಬ್ಬದ ಸೀಸನ್‌ನಲ್ಲಿ ದಿನ ಬಿಟ್ಟು ದಿನ ಆರ್ಕೆಸ್ಟ್ರಾ ನುಡಿಸುವವರು ಸೀಸನ್ ಮುಗಿಯುವವರೆಗೆ ಆ ಕಡೆ ನೋಡಲೇಬೇಡಿ. ಒಂದು ಆಲ್ಬಂ ಅರ್ಧ ರೆಕಾರ್ಡ್ ಆಗಿದ್ದರೂ ಅಷ್ಟೇ. ಮೊದಲರ್ಧ ಒಂದು ಸೌಂಡ್, ಉಳಿದರ್ಧ ಇನ್ನೊಂದು ಸೌಂಡ್ ಆದರೆ ಮಿಕ್ಸ್ ಮಾಡುವವರಿಗೆ ಸುಮ್ನೆ ತಲೆನೋವು.

ಹೊಸ ಆವೃತ್ತಿ ಬಂದ ದಿನವೇ ಹಾಕುವ ಅಗತ್ಯವೂ ಇಲ್ಲ. ನಾನು ಎರಡು ಮೂರು ವಾರ ಕಾಯುತ್ತೇನೆ. ದೊಡ್ಡ ಅಪ್‌ಡೇಟ್‌ನಲ್ಲಿ ದೋಷ ಉಳಿದಿದ್ದರೆ, ಅದನ್ನು ತಿದ್ದಿದ ಪುಟ್ಟ ಅಪ್‌ಡೇಟ್ ಸಾಮಾನ್ಯವಾಗಿ ಬೆನ್ನಿಗೇ ಬರುತ್ತದೆ.

ಬೀಟಾ ಅಂತ ಬರೆದಿದ್ದರೆ ಅದು ಇನ್ನೂ ಪರೀಕ್ಷೆಯಲ್ಲಿರುವ ಆವೃತ್ತಿ. ಇರುವುದು ಒಂದೇ ಮಾಡೆಲರ್, ಅದರಿಂದಲೇ ದುಡಿಮೆ ಅನ್ನುವವರು ಬೀಟಾ ಮುಟ್ಟಬೇಡಿ.

2. ಈಗಿನ ಆವೃತ್ತಿ ಬರೆದಿಡಿ, ರಿಲೀಸ್ ನೋಟ್ಸ್ ಓದಿ

ಸೆಟ್ಟಿಂಗ್ಸ್‌ನಲ್ಲಿ ಈಗಿನ ಫರ್ಮ್‌ವೇರ್ ನಂಬರ್ ಇರುತ್ತದೆ. ಫೋನ್‌ನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಹಿಂದಕ್ಕೆ ಬರಬೇಕಾದರೆ ಈ ನಂಬರ್ ಬೇಕೇ ಬೇಕು.

ರಿಲೀಸ್ ನೋಟ್ಸ್ ಅಂದರೆ ಹೊಸ ಆವೃತ್ತಿಯಲ್ಲಿ ಏನೇನು ಬದಲಾಗಿದೆ ಅಂತ ಕಂಪನಿ ಕೊಡುವ ಪಟ್ಟಿ. ಅದರಲ್ಲಿ ಮೂರು ವಿಷಯ ಹುಡುಕಿ. ಹಳೆಯ ಪ್ರಿಸೆಟ್‌ಗಳ ಸೌಂಡ್ ಬದಲಾಗುತ್ತದಾ? ಅಪ್‌ಡೇಟ್ ಆದ ಮೇಲೆ ಫ್ಯಾಕ್ಟರಿ ರೀಸೆಟ್ ಮಾಡಬೇಕಾ? ನಿಮ್ಮದು ತೀರಾ ಹಳೆಯ ಆವೃತ್ತಿಯಾಗಿದ್ದರೆ ನೇರವಾಗಿ ಹೊಸದಕ್ಕೆ ಹಾರಬಹುದಾ, ಅಥವಾ ಮಧ್ಯದ ಒಂದನ್ನು ಹಾಕಿಕೊಂಡು ಹೋಗಬೇಕಾ?

3. ಬ್ಯಾಕಪ್

ಹೀಲಿಕ್ಸ್ ಮನೆತನದವರಿಗೆ ಇದು ಸುಲಭ. ಕಂಪ್ಯೂಟರ್‌ನಲ್ಲಿ ಎಚ್‌ಎಕ್ಸ್ ಎಡಿಟ್ ಅನ್ನುವ ಸಾಫ್ಟ್‌ವೇರ್ ತೆರೆಯಿರಿ, ಫೈಲ್ ಮೆನುವಿಗೆ ಹೋಗಿ ಕ್ರಿಯೇಟ್ ಬ್ಯಾಕಪ್ ಒತ್ತಿ. ಪ್ರಿಸೆಟ್‌ಗಳು, ಐಆರ್‌ಗಳು, ಗ್ಲೋಬಲ್ ಸೆಟ್ಟಿಂಗ್ಸ್ ಎಲ್ಲ ಒಂದೇ ಫೈಲ್‌ನಲ್ಲಿ ಬರುತ್ತವೆ. ಫೈಲ್ ಹೆಸರಿನಲ್ಲಿ ತಾರೀಖು, ಫರ್ಮ್‌ವೇರ್ ನಂಬರ್ ಎರಡನ್ನೂ ಹಾಕಿ. ಸುಮ್ನೆ ‘ಬ್ಯಾಕಪ್ ಹೊಸದು’ ಅಂತ ಇಟ್ಟರೆ ಆರು ತಿಂಗಳಾದ ಮೇಲೆ ಯಾವುದು ಹೊಸದು ಅಂತ ಗೊತ್ತಾಗುವುದಿಲ್ಲ.

ಕೆಂಪರ್‌ನಲ್ಲಿ ಪೆನ್‌ಡ್ರೈವ್‌ಗೆ ಪೂರ್ತಿ ಬ್ಯಾಕಪ್ ತೆಗೆಯಬಹುದು. ಫ್ರ್ಯಾಕ್ಟಲ್‌ನವರಿಗೆ ಫ್ರ್ಯಾಕ್ಟಲ್-ಬಾಟ್ ಅನ್ನುವ ಸಾಫ್ಟ್‌ವೇರ್ ಇದೆ. ಕ್ವಾಡ್ ಕಾರ್ಟೆಕ್ಸ್‌ನಲ್ಲಿ ಕಾರ್ಟೆಕ್ಸ್ ಕ್ಲೌಡ್‌ಗೆ ಹೋಗುತ್ತದೆ. ಕಡಿಮೆ ಬೆಲೆಯ ಕೆಲವು ಮಾಡೆಲರ್‌ಗಳಲ್ಲಿ ಒಟ್ಟಿಗೆ ಬ್ಯಾಕಪ್ ಮಾಡುವ ಬಟನ್ ಇರುವುದಿಲ್ಲ, ಪ್ರಿಸೆಟ್‌ಗಳನ್ನು ಒಂದೊಂದಾಗಿ ಎಕ್ಸ್‌ಪೋರ್ಟ್ ಮಾಡಬೇಕು. ಬೇಜಾರಿನ ಕೆಲಸ, ಒಪ್ಪುತ್ತೇನೆ. ನೀವೇ ಮಾಡಿಕೊಂಡ ಹತ್ತೋ ಹದಿನೈದೋ ಪ್ರಿಸೆಟ್‌ಗಳನ್ನಾದರೂ ತೆಗೆದಿಡಿ.

ಇಲ್ಲಿ ಜನ ಎಡವುವ ಜಾಗ ಎರಡಿವೆ. ಒಂದು, ಪ್ರಿಸೆಟ್ ಮಾತ್ರ ಉಳಿಸಿ ಐಆರ್ ಬಿಟ್ಟುಬಿಡುವುದು. ಐಆರ್ ಇಲ್ಲದೆ ಪ್ರಿಸೆಟ್ ತೆರೆದರೆ ಕ್ಯಾಬಿನೆಟ್ ಇಲ್ಲದ ಆಂಪ್‌ನಂತೆ ಕರ್ಕಶವಾಗಿ ಕೇಳುತ್ತದೆ. ಐಆರ್ ಫೈಲ್‌ಗಳನ್ನು ಬೇರೆಯಾಗಿಯೂ ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ, ಮಾಡೆಲರ್‌ನಲ್ಲಿ ಯಾವ ಐಆರ್ ಯಾವ ನಂಬರ್‌ನಲ್ಲಿದೆ ಅಂತ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ. ಎರಡು, ಗ್ಲೋಬಲ್ ಸೆಟ್ಟಿಂಗ್ಸ್ ಮರೆಯುವುದು. ಇವು ಪ್ರಿಸೆಟ್‌ಗೆ ಸೇರದೆ ಇಡೀ ಯಂತ್ರಕ್ಕೆ ಅನ್ವಯವಾಗುವ ಸೆಟ್ಟಿಂಗ್‌ಗಳು: ಔಟ್‌ಪುಟ್ ಲೈನ್ ಮಟ್ಟದ್ದಾ ಇನ್‌ಸ್ಟ್ರುಮೆಂಟ್ ಮಟ್ಟದ್ದಾ, ಗ್ಲೋಬಲ್ ಈಕ್ಯೂ (ಕೆಳದನಿ, ಮೇಲ್ದನಿ ಏರಿಳಿಸುವುದು) ಆನ್ ಇದೆಯಾ, ಫುಟ್‌ಸ್ವಿಚ್ ಯಾವ ಕೆಲಸಕ್ಕೆ, ಇಂಥವು. ಆ ಪುಟಗಳನ್ನೆಲ್ಲ ಫೋನ್‌ನಲ್ಲಿ ಫೋಟೊ ತೆಗೆಯಿರಿ. ಎರಡು ನಿಮಿಷದ ಕೆಲಸ.

ಬ್ಯಾಕಪ್ ಫೈಲನ್ನು ಲ್ಯಾಪ್‌ಟಾಪ್ ಒಂದರಲ್ಲೇ ಇಡಬೇಡಿ. ಪೆನ್‌ಡ್ರೈವ್‌ಗೋ, ನಿಮ್ಮದೇ ಇಮೇಲ್‌ಗೋ ಇನ್ನೊಂದು ಪ್ರತಿ ಹೋಗಲಿ.

4. ಹಳೆಯ ಸೌಂಡನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ

ಇದನ್ನು ಮಾಡುವವರು ತೀರಾ ಕಡಿಮೆ. ನನ್ನ ಮಟ್ಟಿಗೆ ಇಡೀ ಕ್ರಮದಲ್ಲಿ ಅತಿ ಮುಖ್ಯವಾದದ್ದು ಇದೇ.

ಕಿವಿಯ ನೆನಪನ್ನು ನಂಬುವ ಹಾಗಿಲ್ಲ. ನಿನ್ನೆಯ ಟೋನ್ ಹೇಗಿತ್ತು ಅಂತ ಇವತ್ತು ನಿಖರವಾಗಿ ಹೇಳಲು ಯಾರಿಂದಲೂ ಆಗದು. ಅಪ್‌ಡೇಟ್ ಆದ ಮೇಲೆ ‘ಏನೋ ತೆಳ್ಳಗಾಗಿದೆ’ ಅನ್ನಿಸಿದರೆ ಅದು ನಿಜವೋ ಭ್ರಮೆಯೋ ತಿಳಿಯಲು ಅಕ್ಕಪಕ್ಕ ಇಟ್ಟು ಕೇಳಬೇಕು.

ಹೀಗೆ ಮಾಡಿ. ಹೀಲಿಕ್ಸ್, ಎಚ್‌ಎಕ್ಸ್ ಸ್ಟಾಂಪ್‌ನಂಥ ಮಾಡೆಲರ್‌ಗಳು ಕಂಪ್ಯೂಟರ್‌ಗೆ ಆಡಿಯೊ ಇಂಟರ್‌ಫೇಸ್ ಆಗಿಯೂ ಕೆಲಸ ಮಾಡುತ್ತವೆ. ಯಾವ ಆಂಪೂ ಎಫೆಕ್ಟೂ ಸೇರದ ಬರೀ ಗಿಟಾರ್ ಸಿಗ್ನಲ್ಲನ್ನು ಯುಎಸ್‌ಬಿ ಮೂಲಕ ರೆಕಾರ್ಡ್ ಮಾಡಬಹುದು. ಇದಕ್ಕೆ ಡಿಐ ಅಂತಾರೆ. ಸುಮಾರು ಒಂದು ನಿಮಿಷದ ಡಿಐ ರೆಕಾರ್ಡ್ ಮಾಡಿ. ಅದರಲ್ಲಿ ನಾಲ್ಕು ಥರ ನುಡಿಸಿ:

ದಪ್ಪ ಇ ತಂತಿಯ ಮೇಲೆ ಅಂಗೈ ಒತ್ತಿ ಪಾಮ್ ಮ್ಯೂಟ್. ಆಮೇಲೆ ಓಪನ್ ಜಿ ಕಾರ್ಡ್ ಒಂದು ಸಲ ಬಾರಿಸಿ, ಸೌಂಡ್ ಪೂರ್ತಿ ಅಡಗುವವರೆಗೆ ಕೈ ಹಚ್ಚದೆ ಬಿಡಿ. ಮೂರನೆಯದು, ಗಿಟಾರ್‌ನ ವಾಲ್ಯೂಮ್ ನಾಬ್ ನಾಲ್ಕಕ್ಕೆ ಇಳಿಸಿ ಅದೇ ಕಾರ್ಡ್. ಕೊನೆಗೆ ಹನ್ನೆರಡನೆಯ ಫ್ರೆಟ್ ಆಸುಪಾಸಿನಲ್ಲಿ ಬೆಂಡ್ ಇರುವ ಒಂದು ಪುಟ್ಟ ಲೀಡ್.

ಈಗ ಈ ಡಿಐಯನ್ನು ಮತ್ತೆ ಯುಎಸ್‌ಬಿ ಮೂಲಕ ಮಾಡೆಲರ್‌ಗೇ ಕಳಿಸಿ, ನೀವು ಜಾಸ್ತಿ ಬಳಸುವ ಮೂರು ನಾಲ್ಕು ಪ್ರಿಸೆಟ್‌ಗಳ ಮೂಲಕ ಹಾಯಿಸಿ ರೆಕಾರ್ಡ್ ಮಾಡಿಕೊಳ್ಳಿ. ಇದೇ ರೀಆಂಪ್. ಅಪ್‌ಡೇಟ್ ಆದ ಮೇಲೆ ಇದೇ ಡಿಐಯನ್ನು ಇದೇ ಪ್ರಿಸೆಟ್‌ಗಳ ಮೂಲಕ ಮತ್ತೆ ಕಳಿಸುತ್ತೀರಿ. ಬಾರಿಸಿದ ಕೈ ಅದೇ, ತಂತಿ ಅದೇ, ಪಿಕ್ ಅದೇ. ಬದಲಾಗಿರುವುದು ಫರ್ಮ್‌ವೇರ್ ಒಂದೇ.

ನಿಮ್ಮ ಯಂತ್ರದಲ್ಲಿ ರೀಆಂಪ್ ಸೌಲಭ್ಯ ಇಲ್ಲವಾ? ಪ್ರಿಸೆಟ್ ಹಾಕಿಕೊಂಡು ನೇರವಾಗಿ ನುಡಿಸಿ ರೆಕಾರ್ಡ್ ಮಾಡಿ. ಅಷ್ಟು ಕರಾರುವಾಕ್ಕಾಗಿರುವುದಿಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು.

5. ಕೇಬಲ್, ಕರೆಂಟ್, ಲ್ಯಾಪ್‌ಟಾಪ್

ಅಪ್‌ಡೇಟ್ ನಡುವೆ ನಿಂತುಹೋದ ಕಥೆಗಳಲ್ಲಿ ಬಹುಪಾಲು ಶುರುವಾಗುವುದು ಇಲ್ಲಿಂದ.

ಕೇಬಲ್: ಎಚ್‌ಎಕ್ಸ್ ಸ್ಟಾಂಪ್‌ಗೆ ಬೇಕಾಗುವುದು ಪ್ರಿಂಟರ್‌ಗೆ ಹಾಕುವ ಚೌಕ ತಲೆಯ ಕೇಬಲ್. ಅದರಲ್ಲಿ ತೊಂದರೆ ಕಡಿಮೆ. ನಿಮ್ಮದು ಫೋನ್ ಕೇಬಲ್ ಹಿಡಿಯುವ ಮಾಡೆಲರ್ ಆಗಿದ್ದರೆ ಹುಷಾರು. ಬರೀ ಚಾರ್ಜ್ ಮಾಡುವ, ಡೇಟಾ ಹೋಗದ ಕೇಬಲ್‌ಗಳು ಮನೆ ತುಂಬಾ ಇರುತ್ತವೆ. ಆ ಕೇಬಲ್‌ನಿಂದ ಫೋನನ್ನು ಲ್ಯಾಪ್‌ಟಾಪ್‌ಗೆ ಸೇರಿಸಿ, ಫೈಲ್ ಟ್ರಾನ್ಸ್‌ಫರ್ ಆರಿಸಿ ನೋಡಿ. ಫೋನ್‌ನ ಫೈಲ್‌ಗಳು ಕಂಡರೆ ಸರಿ. ಯುಎಸ್‌ಬಿ ಹಬ್ ಬೇಡ, ಲ್ಯಾಪ್‌ಟಾಪ್‌ನ ಪೋರ್ಟ್‌ಗೇ ನೇರವಾಗಿ ಹಾಕಿ.

ಕರೆಂಟ್: ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಕರೆಂಟ್ ಹೋದರೂ ನಡೆಯುತ್ತದೆ. ಗೋಡೆಯ ಸಾಕೆಟ್‌ನಿಂದಲೇ ಉಸಿರಾಡುವ ಮಾಡೆಲರ್ ಆ ಕ್ಷಣವೇ ಆರಿಹೋಗುತ್ತದೆ. ಒಂದು ಮಳೆಗಾಲದ ಸಂಜೆ ನನಗೇ ಹೀಗಾಯಿತು. ಅಪ್‌ಡೇಟ್ ಎಷ್ಟಾಗಿದೆ ಅಂತ ತೋರಿಸುವ ಪಟ್ಟಿ ಮುಕ್ಕಾಲು ತುಂಬಿತ್ತು, ಗುಡುಗಿತು, ಮನೆ ಕತ್ತಲಾಯಿತು, ಮಾಡೆಲರ್‌ನ ದೀಪಗಳೂ ಅದರ ಜೊತೆ. ಅಂದಿನಿಂದ ಮಳೆ ಮೋಡ ಕಂಡರೆ ಅಪ್‌ಡೇಟ್ ಹಾಕುವುದಿಲ್ಲ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದಕ್ಕೆ ಸೇರಿದ ಪ್ಲಗ್ ಬಳಸಿ. ಬಹಳಷ್ಟು ಇನ್ವರ್ಟರ್‌ಗಳ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ಬ್ಯಾಟರಿಗೆ ಬದಲಾಗುವಾಗಿನ ಅಂತರ ತೀರಾ ಕಡಿಮೆಯಾಗುತ್ತದೆ. ಕಂಪ್ಯೂಟರ್ ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು.

ಅಡಾಪ್ಟರ್: ಯಂತ್ರದ ಜೊತೆ ಬಂದದ್ದನ್ನೇ ಬಳಸಿ. ಎಚ್‌ಎಕ್ಸ್ ಸ್ಟಾಂಪ್‌ನ ಅಡಾಪ್ಟರ್ 9 ವೋಲ್ಟ್, 3 ಆಂಪಿಯರ್‌ನದ್ದು. ಪೆಡಲ್‌ಬೋರ್ಡ್ ಪವರ್ ಸಪ್ಲೈನ 500 ಮಿಲಿಆಂಪ್ ಪಾಯಿಂಟ್ ಅದಕ್ಕೆ ಎಲ್ಲಿಗೂ ಸಾಲದು.

ಲ್ಯಾಪ್‌ಟಾಪ್: ಸ್ಲೀಪ್ ಆಗದಂತೆ ಸೆಟ್ ಮಾಡಿ. ರೆಕಾರ್ಡಿಂಗ್ ಸಾಫ್ಟ್‌ವೇರ್, ವಿಡಿಯೊ ಕಾಲ್, ಸೌಂಡ್ ಬಳಸುವ ಬ್ರೌಸರ್ ಟ್ಯಾಬ್ ಎಲ್ಲ ಮುಚ್ಚಿ. ವಿಂಡೋಸ್ ಅಪ್‌ಡೇಟ್ ಬಾಕಿ ಇದ್ದರೆ ಮೊದಲೇ ಮುಗಿಸಿಕೊಳ್ಳಿ, ಇಲ್ಲವಾದರೆ ಮಧ್ಯದಲ್ಲಿ ರೀಸ್ಟಾರ್ಟ್ ಆದೀತು.

6. ಮೊದಲು ಎಡಿಟರ್, ಆಮೇಲೆ ಯಂತ್ರ

ಎಡಿಟರ್ ಅಂದರೆ ಕಂಪ್ಯೂಟರ್‌ನಲ್ಲಿ ಕೂತು ಪ್ರಿಸೆಟ್ ತಿದ್ದುವ ಸಾಫ್ಟ್‌ವೇರ್. ಹೊಸ ಫರ್ಮ್‌ವೇರ್‌ಗೆ ಸಾಮಾನ್ಯವಾಗಿ ಹೊಸ ಎಡಿಟರ್ ಬೇಕು. ಹೀಲಿಕ್ಸ್‌ನಲ್ಲಿ ಮೊದಲು ಎಚ್‌ಎಕ್ಸ್ ಎಡಿಟ್‌ನ ಹೊಸ ಆವೃತ್ತಿ ಹಾಕಿ, ಲೈನ್ 6 ಖಾತೆಗೆ ಲಾಗಿನ್ ಆಗಿ, ಯಂತ್ರ ಸೇರಿಸಿ. ಅಪ್‌ಡೇಟ್ ಇದೆ ಅಂತ ಅದೇ ಕೇಳುತ್ತದೆ. ಕೆಂಪರ್‌ನಲ್ಲಿ ರಿಗ್ ಮ್ಯಾನೇಜರ್ ಮೂಲಕ ಹಾಕಬಹುದು, ಪೆನ್‌ಡ್ರೈವ್‌ನಿಂದಲೂ ಆಗುತ್ತದೆ. ಕ್ವಾಡ್ ಕಾರ್ಟೆಕ್ಸ್ ವೈಫೈ ಮೂಲಕ ತಾನೇ ಇಳಿಸಿಕೊಳ್ಳುತ್ತದೆ, ರೂಟರ್ ಹತ್ತಿರ ಇಟ್ಟುಕೊಳ್ಳಿ.

ಫೈಲನ್ನು ಕಂಪನಿಯ ಸೈಟ್‌ನಿಂದ ಮಾತ್ರ ಇಳಿಸಿಕೊಳ್ಳಿ. ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಬೇಡ. ಮಾಡೆಲ್ ಹೆಸರನ್ನು ಎರಡು ಸಲ ನೋಡಿ. ಬಾಸ್ ಕಟಾನಾ, ಕಟಾನಾ ಎಂಕೆ 2, ಕಟಾನಾ ಜೆನ್ 3 ನೋಡಲು ಅಣ್ಣತಮ್ಮಂದಿರಂತಿವೆ, ಆದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಸಾಫ್ಟ್‌ವೇರ್.

ಶುರು ಒತ್ತಿದ ಮೇಲೆ ಏನನ್ನೂ ಮುಟ್ಟಬೇಡಿ. ಪಟ್ಟಿ ಒಂದೇ ಕಡೆ ನಿಂತಂತೆ ಕಾಣುತ್ತದೆ, ಪರದೆ ಕಪ್ಪಾಗಿ ಮತ್ತೆ ಹತ್ತುತ್ತದೆ, ಯಂತ್ರ ತಾನೇ ರೀಸ್ಟಾರ್ಟ್ ಆಗುತ್ತದೆ. ಹೀಲಿಕ್ಸ್ ಮನೆತನದಲ್ಲಿ ಅದಾದ ಮೇಲೂ ಪ್ರಿಸೆಟ್‌ಗಳನ್ನು ಹೊಸ ಆವೃತ್ತಿಗೆ ಹೊಂದಿಸುವ ಕೆಲಸ ನಡೆಯುತ್ತದೆ. ‘ರೀಬಿಲ್ಡಿಂಗ್’ ಅಂತ ಪರದೆಯ ಮೇಲೆ ಬರುತ್ತದೆ. ಎಷ್ಟೋ ಜನ ಇಲ್ಲಿ ತಾಳ್ಮೆಗೆಟ್ಟು ಸ್ವಿಚ್ ಆರಿಸುತ್ತಾರೆ. ಬೇಡ. ಎದ್ದು ಹೋಗಿ ಒಂದು ಕಾಫಿ ಮಾಡಿಕೊಂಡು ಬನ್ನಿ.

7. ಮಧ್ಯದಲ್ಲಿ ನಿಂತರೆ

ಮೊದಲು ಗಾಬರಿ ಬಿಡಿ. ಸಾಮಾನ್ಯವಾಗಿ ಯಂತ್ರದಲ್ಲಿ ಬೂಟ್‌ಲೋಡರ್ ಅನ್ನುವ ಪುಟ್ಟ ಪ್ರೋಗ್ರಾಂ ಬೇರೆ ಜಾಗದಲ್ಲಿ ಇರುತ್ತದೆ. ಫರ್ಮ್‌ವೇರ್ ಅರ್ಧಕ್ಕೆ ನಿಂತರೂ ಅದು ಉಳಿದಿರುತ್ತದೆ. ನಿಗದಿತ ಫುಟ್‌ಸ್ವಿಚ್‌ಗಳನ್ನು ಒತ್ತಿ ಹಿಡಿದು ಆನ್ ಮಾಡಿದರೆ ಯಂತ್ರ ಅಪ್‌ಡೇಟ್ ಮೋಡ್‌ಗೆ ಬರುತ್ತದೆ. ಯಾವ ಸ್ವಿಚ್ ಅನ್ನುವುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಅಪ್‌ಡೇಟ್ ಶುರು ಮಾಡುವ ಮೊದಲೇ ಕೈಪಿಡಿ ನೋಡಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹೀಲಿಕ್ಸ್‌ನವರು ಈ ಮೋಡ್‌ಗೆ ಬಂದ ಮೇಲೆ ಲೈನ್ 6 ಅಪ್‌ಡೇಟರ್ ಅನ್ನುವ ಪ್ರತ್ಯೇಕ ಸಾಫ್ಟ್‌ವೇರ್‌ನಿಂದ ಮತ್ತೆ ಹಾಕಬಹುದು. ಮಳೆ ಸಂಜೆ ಆರಿಹೋದ ನನ್ನ ಯಂತ್ರವೂ ಹೀಗೇ ಅಪ್‌ಡೇಟ್ ಮೋಡ್‌ನಿಂದಲೇ ಎದ್ದು ಬಂತು.

ಎರಡು ಮೂರು ಸಲ ಪ್ರಯತ್ನಿಸಿದರೂ ಆಗದಿದ್ದರೆ ಬೇರೆ ಕೇಬಲ್, ಬೇರೆ ಪೋರ್ಟ್, ಬೇರೆ ಕಂಪ್ಯೂಟರ್, ಈ ಕ್ರಮದಲ್ಲಿ ಬದಲಿಸಿ ನೋಡಿ. ಆಮೇಲೆ ಸರ್ವಿಸ್ ಸೆಂಟರ್. ಡಬ್ಬ ನೀವೇ ಬಿಚ್ಚಬೇಡಿ, ವಾರಂಟಿ ಹೋಗುತ್ತದೆ.

8. ರೀಸೆಟ್, ಆಮೇಲೆ ರಿಸ್ಟೋರ್

ರಿಲೀಸ್ ನೋಟ್ಸ್ ಫ್ಯಾಕ್ಟರಿ ರೀಸೆಟ್ ಮಾಡಿ ಅಂದಿದ್ದರೆ ಮಾಡಿ. ಹಳೆಯ ಸೆಟ್ಟಿಂಗ್‌ಗಳ ಚೂರುಪಾರು ಉಳಿದು ವಿಚಿತ್ರ ತೊಂದರೆ ಕೊಡುವುದು ತಪ್ಪುತ್ತದೆ. ರೀಸೆಟ್ ನಿಮ್ಮ ಪ್ರಿಸೆಟ್‌ಗಳನ್ನೂ ಅಳಿಸುತ್ತದೆ, ಆದ್ದರಿಂದ ಬ್ಯಾಕಪ್ ಫೈಲ್ ಕಣ್ಣೆದುರು ಇದೆ ಅಂತ ಖಚಿತ ಮಾಡಿಕೊಂಡೇ ಕೈ ಹಾಕಿ. ಆಮೇಲೆ ಬ್ಯಾಕಪ್‌ನಿಂದ ರಿಸ್ಟೋರ್.

9. ಕೇಳಿ, ಹೋಲಿಸಿ, ತಿದ್ದಿ

ಸೌಂಡ್ ಹಾಳಾಗಿದೆ ಅನ್ನಿಸಿದರೆ ಆಂಪ್ ಬ್ಲಾಕ್‌ಗೆ ಕೈ ಹಾಕುವ ಮುಂಚೆ ಗ್ಲೋಬಲ್ ಸೆಟ್ಟಿಂಗ್ಸ್‌ನ ಆ ಫೋಟೊಗಳನ್ನು ತೆರೆದು ಹೋಲಿಸಿ ನೋಡಿ. ಎಷ್ಟೋ ಸಲ ತಪ್ಪು ಅಲ್ಲಿರುತ್ತದೆ. ಗ್ಲೋಬಲ್ ಈಕ್ಯೂನಲ್ಲಿ ನೀವು ಕತ್ತರಿಸಿಟ್ಟಿದ್ದ ಕೆಳಗಿನ ಗುಂಯ್ ಸದ್ದು ರೀಸೆಟ್ ಆದ ಮೇಲೆ ವಾಪಸ್ ಬಂದಿರುತ್ತದೆ. ಇಲ್ಲವೇ ಔಟ್‌ಪುಟ್ ಮಟ್ಟ ಬದಲಾಗಿ ಮಿಕ್ಸರ್‌ನಲ್ಲಿ ಸೌಂಡ್ ಒಡೆದಂತೆ ಕೇಳುತ್ತಿರುತ್ತದೆ. ಆಂಪ್ ಮಾಡೆಲ್‌ನದ್ದು ಏನೂ ತಪ್ಪಿರುವುದಿಲ್ಲ.

ಅದು ಸರಿ ಇದ್ದರೆ ಆ ಡಿಐಯನ್ನು ಮತ್ತೆ ಕಳಿಸಿ ಹೊಸ ರೆಕಾರ್ಡಿಂಗ್ ಮಾಡಿ. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕದ ಟ್ರ್ಯಾಕ್‌ನಲ್ಲಿಟ್ಟು ಮೊದಲು ಎರಡರ ವಾಲ್ಯೂಮ್ ಸಮ ಮಾಡಿ. ಸ್ವಲ್ಪ ಜೋರಾಗಿರುವುದು ಕಿವಿಗೆ ಯಾವಾಗಲೂ ಚೆನ್ನಾಗಿಯೇ ಕೇಳುತ್ತದೆ, ಅದಕ್ಕೆ ಮೋಸ ಹೋಗಬಾರದು. ಈಗ ಪಾಮ್ ಮ್ಯೂಟ್‌ನಲ್ಲಿ ಕೆಳದನಿ ಬಿಗಿಯಾಗಿದೆಯಾ, ಕೆಸರಾಗಿದೆಯಾ ಗಮನಿಸಿ. ಜಿ ಕಾರ್ಡ್ ಅಡಗುವಾಗ ನಯವಾಗಿ ಇಳಿಯುತ್ತದಾ, ಗೇಟ್ ಥಟ್ಟನೆ ಕತ್ತರಿಸುತ್ತದಾ? ಗೇಟ್ ಅಂದರೆ ನುಡಿಸದಿದ್ದಾಗ ಗರಗರ ಸದ್ದನ್ನು ತಡೆಯುವ ಬ್ಲಾಕ್. ಆಂಪ್‌ನ ಗೇನ್ ಬದಲಾಗಿದ್ದರೆ ಗೇಟನ್ನೂ ಮತ್ತೆ ಹೊಂದಿಸಬೇಕಾಗುತ್ತದೆ. ವಾಲ್ಯೂಮ್ ನಾಲ್ಕರಲ್ಲಿದ್ದಾಗ ಸೌಂಡ್ ತಿಳಿಯಾಗುತ್ತದಾ ಅಂತಲೂ ಕೇಳಿ. ಒಳ್ಳೆಯ ಅಪ್‌ಡೇಟ್‌ನ ಲಾಭ ನನಗೆ ಮೊದಲು ಕಂಡಿರುವುದು ಇಲ್ಲಿಯೇ.

ತಿದ್ದುವಾಗ ಪ್ರಿಸೆಟ್‌ನ ಒಂದು ನಕಲು ಮಾಡಿ, ನಕಲಿನಲ್ಲಿ ಮಾತ್ರ ತಿದ್ದಿ. ಒಂದು ಸಲಕ್ಕೆ ಒಂದೇ ನಾಬ್. ಮಾಸ್ಟರ್ ಮತ್ತು ಬಾಸ್‌ನಿಂದ ಶುರು ಮಾಡಿ, ಪ್ರೆಸೆನ್ಸ್ ಕೊನೆಗೆ ಇರಲಿ. ಅದೇ ಆಂಪನ್ನು ಹೊಸ ಖಾಲಿ ಪ್ರಿಸೆಟ್‌ನಲ್ಲಿ ಹಾಕಿ ಶುರುವಿನಿಂದ ಕೂರಿಸಿ ನೋಡುವುದೂ ಒಳ್ಳೆಯದು. ಹಳೆಯ ಮಾಡೆಲ್‌ನ ಕೊರತೆ ಮುಚ್ಚಲು ನಾವು ಹಾಕಿದ್ದ ಎರಡು ಮೂರು ಈಕ್ಯೂ ಬ್ಲಾಕ್ ಹೊಸದರಲ್ಲಿ ಬೇಡವೇ ಆಗಬಹುದು.

10. ಹಿಂದಕ್ಕೆ ಬರುವುದು

ಎರಡು ಮೂರು ದಿನ ನುಡಿಸಿದ ಮೇಲೂ ಮನಸ್ಸಿಗೆ ಹಿಡಿಸದಿದ್ದರೆ ಹಳೆಯ ಆವೃತ್ತಿಗೆ ಬರಬಹುದು. ಲೈನ್ 6 ಅಪ್‌ಡೇಟರ್‌ನಲ್ಲಿ ಹಳೆಯ ನಂಬರ್ ಆರಿಸುವ ಅವಕಾಶವಿದೆ. ಎಡಿಟರ್‌ನ ಹಳೆಯ ಆವೃತ್ತಿಯೂ ಬೇಕಾಗುತ್ತದೆ. ನೆನಪಿಡಿ, ಹೊಸ ಫರ್ಮ್‌ವೇರ್‌ನಲ್ಲಿ ಮಾಡಿದ ಪ್ರಿಸೆಟ್ ಸಾಮಾನ್ಯವಾಗಿ ಹಳೆಯದರಲ್ಲಿ ತೆರೆಯುವುದಿಲ್ಲ. ಹಿಂದಕ್ಕೆ ಬಂದಾಗ ಕೈ ಹಿಡಿಯುವುದು 3ನೇ ಹಂತದಲ್ಲಿ ತೆಗೆದ ಬ್ಯಾಕಪ್ ಒಂದೇ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರಿಗೆ

ದುಡ್ಡು ಕೊಡುವ ಮೊದಲು ಯಂತ್ರ ಆನ್ ಮಾಡಿಸಿ ಫರ್ಮ್‌ವೇರ್ ನಂಬರ್ ನೋಡಿ. ನಿಮ್ಮ ಲ್ಯಾಪ್‌ಟಾಪನ್ನೇ ಒಯ್ದು ಯುಎಸ್‌ಬಿ ಸೇರಿಸಿ, ಎಡಿಟರ್ ಅದನ್ನು ಗುರುತಿಸುತ್ತದಾ ಪರೀಕ್ಷಿಸಿ. ಯುಎಸ್‌ಬಿ ಪೋರ್ಟ್ ಸಡಿಲವಾಗಿದ್ದರೆ ಮುಂದೆ ಅಪ್‌ಡೇಟ್ ಹಾಕುವುದು ಕಷ್ಟ. ಜೊತೆಗೆ ಬಂದ ಅಸಲಿ ಅಡಾಪ್ಟರ್ ಕೊಡುತ್ತಾರಾ ಕೇಳಿ.

ತೀರಾ ಹಳೆಯ ಮಾಡೆಲ್ ಆಗಿದ್ದರೆ ಅದಕ್ಕೆ ಇನ್ನು ಅಪ್‌ಡೇಟ್ ಬರಲಿಕ್ಕಿಲ್ಲ. ಒಂದು ಹಂತ ದಾಟಿದ ಮೇಲೆ ಹೊಸ ಲೆಕ್ಕಗಳಿಗೆ ಹಳೆಯ ಚಿಪ್‌ನ ಶಕ್ತಿ ಸಾಲುವುದಿಲ್ಲ. ಹಾಗಂತ ಅದರ ಸೌಂಡೇನೂ ಕೆಡುವುದಿಲ್ಲ, ನಿನ್ನೆ ಚೆನ್ನಾಗಿದ್ದದ್ದು ನಾಳೆಯೂ ಹಾಗೇ ಇರುತ್ತದೆ. ಆದರೆ ಅದರ ಎಡಿಟರ್ ಮುಂದಿನ ವಿಂಡೋಸ್‌ನಲ್ಲೋ ಮ್ಯಾಕ್‌ನಲ್ಲೋ ಓಡದೆ ಹೋಗಬಹುದು. ಅಂಥ ಯಂತ್ರ ಇಟ್ಟುಕೊಂಡವರು ಕೊನೆಯ ಫರ್ಮ್‌ವೇರ್ ಫೈಲ್, ಎಡಿಟರ್‌ನ ಇನ್‌ಸ್ಟಾಲರ್, ಡ್ರೈವರ್ ಮೂರನ್ನೂ ಕಂಪನಿಯ ಸೈಟ್‌ನಿಂದ ಈಗಲೇ ಇಳಿಸಿ ಪೆನ್‌ಡ್ರೈವ್‌ನಲ್ಲಿಟ್ಟುಕೊಳ್ಳಿ. ಹಳೆಯ ಲ್ಯಾಪ್‌ಟಾಪ್ ಇದ್ದರೆ ಗುಜರಿಗೆ ಹಾಕಬೇಡಿ, ಅದರಲ್ಲಿ ಈ ಎಡಿಟರ್ ಹಾಕಿ ಮಾಡೆಲರ್ ಪಕ್ಕದಲ್ಲೇ ಇಟ್ಟುಬಿಡಿ.